ಬಿಳಿ ಚೆಂಡು ನಿಂತ ಜಾಗ

ಖಾನಾಪುರ ಕೋರ್ಟಿನಲ್ಲಿ ವಕೀಲಿಕೆ ಮಾಡುವ ಸುಮಿತನಿಗೆ ಮಾತು ಚೆನ್ನಾಗಿ ಒಲಿದಿತ್ತು. ಮದುವೆಯ ಪಂಕ್ತಿಯಿರಲಿ, ಯಾರದೋ ಗೃಹಪ್ರವೇಶವಿರಲಿ, ಅವನು ಕುಳಿತ ಕಡೆ ನಾಲ್ಕು ಜನ ಕುರ್ಚಿ ಎಳೆದುಕೊಂಡು ಬಂದು ಕೂರುತ್ತಿದ್ದರು. ಅವನು ಹೇಳುತ್ತಿದ್ದ ಕಥೆಗಳಲ್ಲಿ ಜನರಿಗೆ ಬಹಳ ಹಿಡಿಸಿದ್ದು ಅವನ ಹೆಂಡತಿ ನಾಗರತ್ನಾಳ ಕಥೆ.

“ಪೂಲ್ ಆಟದಾಗ ನಮ್ಮಾಕಿ ನನಗಿಂತ ಶಾಣ್ಯಾಕಿ, ಖರೇ ಹೇಳ್ತೀನಿ,” ಎಂದು ಶುರು ಮಾಡುತ್ತಿದ್ದ. “ಒಬ್ಬಾಕಿನ ಪ್ರಾಕ್ಟೀಸ್ ಮಾಡೂಮುಂದ ನೋಡಬೇಕ್ರಿ ನೀವು. ಆದರ ಮ್ಯಾಚಿನಾಗ ಕಡೀ ಬಾಲ್ ಬಂತಂದ್ರ ಮುಗೀತು, ಕೈ ನಡಗತದ. ಏನ್ ಮಾಡೂದು, ಟೆನ್ಶನ್ ತಡಕೊಳ್ಳೂದು ಎಲ್ಲಾರಿಗೂ ಬರೂದಿಲ್ಲ.”

ಇಷ್ಟು ಹೇಳಿ ಅವಳ ಭುಜದ ಮೇಲೆ ಕೈಯಿಡುತ್ತಿದ್ದ. ಆ ಕೈಯಲ್ಲಿ ನಿಜವಾದ ಪ್ರೀತಿಯೇ ಇರುತ್ತಿತ್ತು. ಕುಳಿತವರು ನಗುತ್ತಿದ್ದರು. ನಾಗರತ್ನಾಳೂ ನಗುತ್ತಿದ್ದಳು. ಐದು ವರ್ಷ ಹಾಗೆ ನಕ್ಕಳು.

ಅವಳು ಬೆಳಗಾವಿಯ ನೆಹರು ನಗರದ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವಿಭಾಗದ ತಂತ್ರಜ್ಞೆ. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದ ಮನುಷ್ಯನ ಉಸಿರು ಒಮ್ಮೆಲೇ ಇಳಿಯತೊಡಗಿದಾಗ, ಡಾಕ್ಟರ ಕೈ ಹಿಂದಕ್ಕೆ ಚಾಚುವ ಮೊದಲೇ ಸರಿಯಾದ ಅಳತೆಯ ನಳಿಗೆ ಅವಳ ಕೈಯಲ್ಲಿ ಸಿದ್ಧವಿರಬೇಕು. ಇರುತ್ತಿತ್ತು. ಅಲ್ಲಿ ಅವಳ ಕೈ ನಡುಗಿದ್ದನ್ನು ಯಾರೂ ನೋಡಿಲ್ಲ. ಆದರೆ ಮನುಷ್ಯ ಒಂದು ಮಾತನ್ನು ತನ್ನ ಬಗ್ಗೆ ಹತ್ತು ಸಲ ಕೇಳಿದರೆ ಹನ್ನೊಂದನೆಯ ಸಲ ತಾನೇ ಹೇಳಿಕೊಳ್ಳತೊಡಗುತ್ತಾನೆ. ಆಸ್ಪತ್ರೆಯ ಗೆಳತಿಯರು ಆಟದ ಸುದ್ದಿ ಕೇಳಿದರೆ ನಾಗರತ್ನಾ ತಾನಾಗಿಯೇ, “ಆಡ್ತೀನಿ, ಆದರ ಟೆನ್ಶನ್ ಬಂದ್ರ ನನ್ನ ಕೈಯಾಗ ಏನೂ ಆಗೂದಿಲ್ಲ,” ಎಂದುಬಿಡುತ್ತಿದ್ದಳು.

ಗಂಡ ಹೆಂಡತಿ ಆಡುತ್ತಿದ್ದುದು ಜೋಡಿ ಆಟ. ಒಂದರಿಂದ ಒಂಬತ್ತರವರೆಗೆ ನಂಬರಿರುವ ಬಣ್ಣದ ಚೆಂಡುಗಳು. ಅವುಗಳನ್ನು ಹೊಡೆಯಲು, ಸ್ಟಿಕ್ಕಿನಿಂದ ತಳ್ಳುವ ಒಂದು ಬಿಳಿ ಚೆಂಡು. ಬಿಳಿ ಚೆಂಡು ಪ್ರತಿ ಸಲವೂ ಟೇಬಲ್ಲಿನ ಮೇಲಿರುವ ಅತಿ ಚಿಕ್ಕ ನಂಬರಿನ ಚೆಂಡಿಗೆ ಮೊದಲು ತಾಗಬೇಕು. ಒಂಬತ್ತನೆಯದನ್ನು ಟೇಬಲ್ಲಿನ ಅಂಚಿನಲ್ಲಿರುವ ಪಾಕೆಟ್ಟಿಗೆ ಬೀಳಿಸಿದವರಿಗೆ ಆ ಸುತ್ತು, ಅಂದರೆ ಫ್ರೇಮ್. ಜೋಡಿಯಲ್ಲಿ ಒಬ್ಬರು ಹೊಡೆದು ಚೆಂಡು ಬಿದ್ದರೆ ಮುಂದಿನದನ್ನು ಇನ್ನೊಬ್ಬರು ಹೊಡೆಯಬೇಕು, ಅದಾದ ಮೇಲೆ ಮತ್ತೆ ಮೊದಲಿನವರು. ಹೀಗಾಗಿ ಸುಮಿತ ಹೊಡೆದ ಮೇಲೆ ಬಿಳಿ ಚೆಂಡು ಎಲ್ಲಿ ಹೋಗಿ ನಿಲ್ಲುತ್ತದೋ ಅಲ್ಲಿಂದಲೇ ನಾಗರತ್ನಾ ಆಡಬೇಕು.

ಸುಮಿತ ಹೊಡೆದರೆ ಹಾಲ್ ತುಂಬ ಸದ್ದು. ಟೇಬಲ್ಲಿನ ಆ ತುದಿಯ ಚೆಂಡು ಈ ತುದಿಯ ಪಾಕೆಟ್ಟಿಗೆ ಧಡಾರೆಂದು ಬೀಳುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ನಾಗರತ್ನಾ ಬಗ್ಗುತ್ತಿದ್ದಳು, ಮತ್ತು ಅವಳ ಚೆಂಡು ಬೀಳುತ್ತಿರಲಿಲ್ಲ. ಕಳೆದ ವರ್ಷ ಬೆಳಗಾವಿಯ ಟೂರ್ನಮೆಂಟಿನ ಫೈನಲ್ ಸೋತದ್ದೂ ಹಾಗೆಯೇ. ಅವತ್ತು ಕಾರಿನಲ್ಲಿ ಖಾನಾಪುರಕ್ಕೆ ವಾಪಸಾಗುವಾಗ ಸುಮಿತ ದಾರಿಯುದ್ದಕ್ಕೂ ಅವಳನ್ನು ಸಮಾಧಾನ ಮಾಡಿದ್ದ. ಅವಳು ದಾರಿಯುದ್ದಕ್ಕೂ ಕ್ಷಮೆ ಕೇಳಿದ್ದಳು.

ಈ ಬೇಸಿಗೆಯ ಒಂದು ಭಾನುವಾರ ಸುಮಿತ ಯಾವುದೋ ಕಕ್ಷಿದಾರರ ಕೆಲಸಕ್ಕೆ ಧಾರವಾಡಕ್ಕೆ ಹೋಗಿದ್ದ. ನಾಗರತ್ನಾ ಸ್ಟೇಷನ್ ರಸ್ತೆಯ ಪೂಲ್ ಹಾಲ್‌ಗೆ ಒಬ್ಬಳೇ ಹೋದಳು. ಅಲ್ಲಿ ಕೃಷ್ಣಾಜಿ ಕೂತಿದ್ದರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಮನೆಮಾತು ಮರಾಠಿ. ನಿಧಾನಕ್ಕೆ ಆಡುತ್ತಾರೆಂದು ಹುಡುಗರು ಅವರ ಜೊತೆ ಆಡಲು ಬೇಸರಪಡುತ್ತಿದ್ದರು. ಹಾಲ್‌ನ ಮಾಲೀಕ ಯಲ್ಲೇಶ, “ನಾಲ್ಕು ಮಂದಿ ಅದೇವಿ, ಜೋಡಿ ಆಡೂಣು ಬರ್ರಿ ವೈನಿ,” ಎಂದು ಅವಳನ್ನು ಅವರ ಜೋಡಿಗೆ ಹಾಕಿದ.

ಕೃಷ್ಣಾಜಿ ಬಗ್ಗಿ ಎರಡನೆಯ ಚೆಂಡನ್ನು ಮೆಲ್ಲಗೆ ತಳ್ಳಿದರು. ಅದು ಪಾಕೆಟ್ಟಿನ ಬಾಯಿಗೆ ಹೋಗಿ, ಯೋಚನೆ ಮಾಡಿದಂತೆ ಒಂದು ಕ್ಷಣ ನಿಂತು, ಒಳಗೆ ಬಿತ್ತು. ಚಪ್ಪಾಳೆ ತಟ್ಟುವಂಥದ್ದೇನೂ ಇರಲಿಲ್ಲ. ನಾಗರತ್ನಾ ತನ್ನ ಸರದಿಗೆ ಟೇಬಲ್ಲಿನ ಹತ್ತಿರ ಬಂದಳು. ಮೂರನೆಯ ಚೆಂಡು ಅಲ್ಲಿತ್ತು. ಅದರ ಹಿಂದೆ ಪಾಕೆಟ್. ಅದರ ಮುಂದೆ, ಒಂದೇ ಗೆರೆಯಲ್ಲಿ, ಗೇಣು ದೂರದಲ್ಲಿ ಬಿಳಿ ಚೆಂಡು.

ಹೊಡೆದಳು. ಬಿತ್ತು.

ಕೃಷ್ಣಾಜಿ ನಾಲ್ಕನೆಯದನ್ನು ಹಾಕಿದರು. ಐದನೆಯದೂ ಹಾಗೆಯೇ ಅವಳ ಎದುರಿಗೇ ಇತ್ತು. ಏಳನೆಯದೂ. ಒಂಬತ್ತನೆಯ ಚೆಂಡಿನ ಸರದಿ ಬಂದಾಗ ನಾಗರತ್ನಾ ಸ್ಟಿಕ್ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟಳು.

“ಯಾಕ ತಾಯಿ, ನಿಂತಿ?” ಎಂದರು ಕೃಷ್ಣಾಜಿ.

“ಕಾಕಾ, ಇದು ಎದುರಿಗೇ ಐತ್ರಿ.”

“ಹೌದು. ಮತ್ತ?”

“ಪ್ರತಿ ಸಲಾನೂ ಎದುರಿಗೇ ಬರಾಕತ್ತೈತಿ.”

ಮುದುಕನಿಗೆ ಅವಳ ಮಾತು ಅರ್ಥವಾಗಲಿಲ್ಲ. “ಅಲ್ಲಾ, ನನ್ನ ನಂತರ ಹೊಡ್ಯಾಕಿ ನೀನು. ನಿನಗ ಹೊಡ್ಯಾಕ ಬರೂಹಂಗ ನಾ ಬಿಡಬೇಕಲ್ಲ? ಜೋಡಿ ಅಂದ್ರ ಅದೇ ಅಲ್ಲೇನು.”

ಅವಳು ಒಂಬತ್ತನೆಯದನ್ನೂ ಹಾಕಿದಳು. ಯಲ್ಲೇಶ ಏನೋ ಹೇಳಿ ನಕ್ಕ. ನಾಗರತ್ನಾಳಿಗೆ ಅದು ಕೇಳಿಸಲಿಲ್ಲ. ಒಳಗೆ ಏನೋ ಬಿಸಿಯಾಗಿ ಏಳುತ್ತಿತ್ತು. ಮೊದಲು ಅದು ಸಂತೋಷವಿರಬೇಕು ಅಂದುಕೊಂಡಳು. ಹಾಲ್‌ನಿಂದ ಹೊರಗೆ ಬಂದು ಬಿಸಿಲಲ್ಲಿ ಸ್ಕೂಟಿಯ ಹತ್ತಿರ ನಿಂತಾಗ ಗೊತ್ತಾಯಿತು, ಅದು ಸಿಟ್ಟು. ಕಳೆದ ವರ್ಷದ ಫೈನಲ್ ನೆನಪಿಗೆ ಬಂತು: ಬಿಳಿ ಚೆಂಡು ಅಂಚಿಗೆ ಅಂಟಿಕೊಂಡಿತ್ತು, ಹೊಡೆಯಬೇಕಾದ ಚೆಂಡು ಟೇಬಲ್ಲಿನ ಆ ಕೊನೆಗೆ. ಅದರ ಹಿಂದಿನ ವರ್ಷ? ಆಗಲೂ ನಡುವೆ ಇನ್ನೊಂದು ಚೆಂಡು ಅಡ್ಡ. ಹುಬ್ಬಳ್ಳಿಯಲ್ಲಿ? ಒಂದೊಂದಾಗಿ ಎಲ್ಲ ನೆನಪಿಗೆ ಬಂದವು. ತಾನು ತಪ್ಪಿದ ಹೊಡೆತಗಳನ್ನು ಮನುಷ್ಯ ಮರೆಯುವುದಿಲ್ಲ. ಇಷ್ಟು ದಿನ ಅವಳು ಆ ಹೊಡೆತಗಳಲ್ಲಿ ತನ್ನ ಕೈಯನ್ನಷ್ಟೇ ನೋಡಿದ್ದಳು. ಈಗ ಮೊದಲ ಸಲ ಬಿಳಿ ಚೆಂಡು ನಿಂತ ಜಾಗ ಕಂಡಿತು.

ಸುಮಿತ ಧಾರವಾಡದಿಂದ ಫೇಡೆ ತಂದಿದ್ದ. ಅವನು ಕೈಕಾಲು ತೊಳೆದು ಬಂದು ಕೂರುವವರೆಗೂ ಅವಳು ತಡೆದುಕೊಂಡಳು.

“ನೀವು ಹೊಡದ ಮ್ಯಾಲೆ ನನಗ ಹೆಂಗ ಬರ್ತೈತಿ ಅಂತ ಎಂದಾದ್ರೂ ನೋಡೀರೇನು?”

“ಏನ್ ಹೆಂಗ ಬರ್ತೈತಿ?”

“ಬಿಳಿ ಬಾಲ್. ನೀವು ಜೋರಾಗಿ ಹೊಡದು ಹಾಕ್ತೀರಿ. ಬಿಳಿ ಬಾಲ್ ಎಲ್ಲೆರ ಹೋಗಿ ಬೀಳ್ತೈತಿ. ಅಲ್ಲಿಂದ ನಾ ಹೊಡೀಬೇಕು. ಅದು ಆಗೂವಂಥಾ ಹೊಡೆತಾನ ಇರೂದಿಲ್ಲ.”

ಸುಮಿತ ಫೇಡೆಯ ಡಬ್ಬಿ ಬಿಚ್ಚುತ್ತ ನಕ್ಕ. ಅಣಕಿಸುವ ನಗೆಯಲ್ಲ, ಕಕ್ಷಿದಾರ ದಡ್ಡ ಪ್ರಶ್ನೆ ಕೇಳಿದಾಗ ವಕೀಲ ನಗುವ ಸಹನೆಯ ನಗೆ. “ರತ್ನಾ, ಸೋತಾಗ ಇನ್ನೊಬ್ಬರ ಮ್ಯಾಲೆ ಹಾಕಬಾರದು. ಅದು ಛಲೋ ಅಲ್ಲ. ಟೆನ್ಶನ್ ಆಗೂದು ತಪ್ಪಲ್ಲ. ಒಪ್ಪಿಕೊಂಡ್ರ ಅರ್ಧ ಕಡಿಮಿ ಆಗತೈತಿ. ನಾ ಎಂದಾದ್ರೂ ನಿನಗ ಬೈದೀನಿ ಏನು?”

“ಬೈದಿಲ್ಲ.”

“ಮತ್ತ?”

ಬೈದಿದ್ದರೆ ವಾಪಸು ಬೈಯಬಹುದಿತ್ತು. ಅವನು ಐದು ವರ್ಷ ಅವಳನ್ನು ಕ್ಷಮಿಸುತ್ತ ಬಂದಿದ್ದ. ತಾನು ಮಾಡದ ತಪ್ಪಿಗೆ ದಿನವೂ ಕ್ಷಮೆ ಸಿಕ್ಕರೆ ಮನುಷ್ಯ ಯಾರ ಹತ್ತಿರ ಹೋಗಿ ದೂರಬೇಕು? ನಾಗರತ್ನಾ ಎದ್ದು ಒಳಗೆ ಹೋದಳು. ಬಾಗಿಲಲ್ಲಿ ನಿಂತು, “ಈ ಸಲ ಬೆಳಗಾವಿ ಟೂರ್ನಮೆಂಟಿಗೆ ನಾ ಕೃಷ್ಣಾಜಿ ಕಾಕಾನ ಜೋಡಿ ಆಡ್ತೀನಿ,” ಎಂದಳು.

ಸುಮಿತ ಇದನ್ನೂ ತಮಾಷೆಯಾಗಿ ತೆಗೆದುಕೊಂಡ. ಮರುದಿನ ಕೋರ್ಟಿನ ಕ್ಯಾಂಟೀನಿನಲ್ಲಿ ಅದೂ ಒಂದು ಕಥೆಯಾಯಿತು. ಅವನು ಬೆಳಗಾವಿಯ ಮುಕ್ತಾ ಎಂಬ ಹುಡುಗಿಯನ್ನು ತನ್ನ ಜೋಡಿ ಮಾಡಿಕೊಂಡ. ಅವಳು ಕಾಲೇಜೊಂದರಲ್ಲಿ ಉಪನ್ಯಾಸಕಿ. ಆಟಕ್ಕೆ ಬಂದು ಎರಡೇ ವರ್ಷವಾಗಿತ್ತಾದರೂ ಕೈ ಬಹಳ ಶುದ್ಧ ಎಂದು ಎಲ್ಲರೂ ಹೇಳುತ್ತಿದ್ದರು.

ಟೂರ್ನಮೆಂಟ್ ನಡೆದದ್ದು ಬೆಳಗಾವಿಯ ಟಿಳಕವಾಡಿ ಬಡಾವಣೆಯ ಒಂದು ದೊಡ್ಡ ಹಾಲ್‌ನಲ್ಲಿ. ನಾಗರತ್ನಾ ಮತ್ತು ಕೃಷ್ಣಾಜಿ ಒಂದೊಂದೇ ಮ್ಯಾಚ್ ಗೆಲ್ಲುತ್ತ ಬಂದರು. ಅವರ ಆಟ ನೋಡಲು ಯಾರೂ ನಿಲ್ಲುತ್ತಿರಲಿಲ್ಲ, ನೋಡುವಂಥದ್ದೇನೂ ಅದರಲ್ಲಿರಲಿಲ್ಲ. ಒಂದಾದ ಮೇಲೊಂದು ಸುಲಭದ ಚೆಂಡು, ಅಷ್ಟೇ. ಜನವೆಲ್ಲ ಸುಮಿತನ ಟೇಬಲ್ ಸುತ್ತ ನೆರೆದಿದ್ದರು. ಭಾನುವಾರ ಮಧ್ಯಾಹ್ನ ಫೈನಲ್‌ಗೆ ಎದುರುಬದುರಾದವರು ಈ ಎರಡು ಜೋಡಿಗಳೇ. ಗಂಡ ಹೆಂಡತಿ ಎದುರಾಳಿಗಳು ಎಂಬ ಸುದ್ದಿ ಹಬ್ಬಿ ಹಾಲ್ ತುಂಬಿಹೋಯಿತು. ಮೊದಲು ಐದು ಫ್ರೇಮ್ ಗೆದ್ದವರಿಗೆ ಕಪ್.

ಎರಡನೆಯ ಫ್ರೇಮಿನಲ್ಲೇ ನಾಗರತ್ನಾ ಅದನ್ನು ಕಂಡಳು. ಸುಮಿತ ನಾಲ್ಕನೆಯ ಚೆಂಡನ್ನು ಮೂಲೆಗೆ ಬಾರಿಸಿ ಜನರ ಕಡೆ ತಿರುಗಿ ಎರಡೂ ಕೈ ಮೇಲೆತ್ತಿದ. ಚಪ್ಪಾಳೆ ಬಿತ್ತು. ಅವನ ಬೆನ್ನ ಹಿಂದೆ ಬಿಳಿ ಚೆಂಡು ಇನ್ನೂ ಓಡುತ್ತಿತ್ತು. ಎರಡು ಅಂಚಿಗೆ ಬಡಿದು ಆರನೆಯ ಚೆಂಡಿನ ಹಿಂದೆ ಹೋಗಿ ಅಡಗಿತು. ಮುಕ್ತಾ ಐದನೆಯದನ್ನು ಹೊಡೆಯಬೇಕಿತ್ತು. ಈ ಕಡೆ ಬಂದು ನೋಡಿದಳು, ಆ ಕಡೆ ಹೋಗಿ ನೋಡಿದಳು. ಅಲ್ಲಿಂದ ಐದನೆಯದು ಕಾಣುತ್ತಲೇ ಇರಲಿಲ್ಲ. ಹೊಡೆದಳು, ತಪ್ಪಿತು.

“ಸಾರಿ, ಸರ್,” ಎಂದಳು.

ಸುಮಿತ ಅವಳ ಹತ್ತಿರ ಬಂದು, ಹಾಲ್‌ಗೆಲ್ಲ ಕೇಳುವಂತೆ, “ಇರಲಿ ಬಿಡು ಮುಕ್ತಾ. ಫೈನಲ್ ಅಂದ್ರ ಟೆನ್ಶನ್ ಇರೂದ. ಉಸುರ ತೊಗೊ,” ಎಂದ.

ನಾಗರತ್ನಾಳಿಗೆ ಕಿವಿಯಲ್ಲಿ ಕುದಿಯುವ ನೀರು ಹೊಯ್ದಂತಾಯಿತು. ಅದೇ ಮಾತು. ಅದೇ ದನಿ. ಆ ಹುಡುಗಿ ತಲೆತಗ್ಗಿಸಿ ಕುರ್ಚಿಗೆ ಹೋಗಿ ಕೂತು, ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು, ಅದರಲ್ಲಿ ಏನೋ ಕೆಟ್ಟಿದೆ ಎಂಬಂತೆ. ಆ ಕುರ್ಚಿಯಲ್ಲಿ ಕಳೆದ ವರ್ಷ ಕೂತಿದ್ದವಳು ತಾನು. ಕೈ ನೋಡಿಕೊಂಡವಳೂ ತಾನೇ.

ಈಗ ನಾಗರತ್ನಾಳ ಸರದಿ. ಐದನೆಯದು ಪಾಕೆಟ್ಟಿನ ಬಾಯಿಯಲ್ಲೇ ನಿಂತಿತ್ತು. ಸಣ್ಣ ಮಗು ಕೂಡ ಹಾಕಬಹುದಾದ ಚೆಂಡು. ಅವಳು ಅದನ್ನು ಹೊಡೆಯಲಿಲ್ಲ, ಬಡಿದಳು. ಚೆಂಡು ಪಾಕೆಟ್ಟಿನ ಬಾಯಿಯ ಎರಡೂ ಬದಿಗೆ ಬಡಿದು ಹೊರಗೆ ಸಿಡಿಯಿತು. ಹಾಲ್‌ನಲ್ಲಿ “ಅರೆರೆ” ಎಂಬ ಉದ್ಗಾರ ಎದ್ದಿತು. ಹಿಂದಿನ ಸಾಲಿನಲ್ಲಿ ಯಾರೋ, “ಹೇಳಿದ್ದೆನಲ್ಲ, ಕೈ ನಡಗತದ ಅಂತ,” ಎಂದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಕುರ್ಚಿಗೆ ಬಂದು ಕೂತಳು. ಕೃಷ್ಣಾಜಿ ಸ್ಟಿಕ್ಕಿನ ತುದಿಗೆ ಚಾಕ್ ತಿಕ್ಕುತ್ತ, ಅವಳ ಕಡೆ ನೋಡದೆ, “ಸಿಟ್ಟು ಬಂದದ ಏನು?” ಎಂದು ಕೇಳಿದರು.

“ಹೌದ್ರಿ ಕಾಕಾ. ಭಾಳ ಬಂದೈತಿ.”

“ಬರಲಿ. ಬರೂವಂಥಾದ್ದ ಅದ ಅದು, ನಾನೂ ನೋಡಾಕತ್ತೀನಿ. ಅದನ್ನ ನುಂಗಬ್ಯಾಡ. ಆದರ ಬಾಲ್ ಮ್ಯಾಲೆ ಯಾಕ ತೀರಸ್ತಿ? ಅದೇನ ಮಾಡ್ಯದ ನಿನಗ?”

ಆ ಮಾತು ನಾಗರತ್ನಾಳ ಒಳಗೆ ಇಳಿಯಿತು. ಒತ್ತಡದ ಹೊತ್ತಿನಲ್ಲಿ ಶಾಂತವಾಗಿರು, ಮನಸ್ಸು ಖಾಲಿ ಮಾಡು, ಏನನ್ನೂ ಯೋಚಿಸಬೇಡ ಎಂದು ಎಲ್ಲರೂ ಹೇಳಿದ್ದರು. ಸಿಟ್ಟು ಇರಲಿ ಎಂದವರು ಈ ಮುದುಕರೊಬ್ಬರೇ. ಆಪರೇಷನ್ ಕೋಣೆಯಲ್ಲೂ ಅವಳು ಶಾಂತವಾಗಿರುತ್ತಿರಲಿಲ್ಲ. ಅಲ್ಲಿ ಎದೆ ಡಬಡಬ ಹೊಡೆದುಕೊಳ್ಳುತ್ತಲೇ ಇರುತ್ತಿತ್ತು. ಕೈ ಮಾತ್ರ ತನ್ನ ಕೆಲಸ ತಾನು ಮಾಡುತ್ತಿತ್ತು. ಇಲ್ಲಿ ಯಾಕೆ ಬೇರೆ ಆಗಬೇಕು?

ಮುಂದಿನ ಫ್ರೇಮಿನಿಂದ ಅವಳು ಹಾಗೆಯೇ ಆಡಿದಳು. ಸಿಟ್ಟು ಇಳಿಯಲಿಲ್ಲ. ಸುಮಿತ ಬಾಯಿ ತೆಗೆದಾಗಲೆಲ್ಲ ಇನ್ನಷ್ಟು ಏರಿತು. ಆದರೆ ಬಗ್ಗಿ ಸ್ಟಿಕ್ ಹಿಡಿದಾಗ ಅವಳು ನೋಡುತ್ತಿದ್ದುದು ಎರಡನ್ನೇ: ಚೆಂಡು ಎಲ್ಲಿ ಬೀಳಬೇಕು, ಬಿಳಿ ಚೆಂಡು ಕೃಷ್ಣಾಜಿಗಾಗಿ ಎಲ್ಲಿ ನಿಲ್ಲಬೇಕು. ಹಿಂದೆ ಬಿದ್ದಿದ್ದ ಜೋಡಿ ಸರಿಸಮಕ್ಕೆ ಬಂತು. ನಾಲ್ಕು, ನಾಲ್ಕು. ಉಳಿದದ್ದು ಕೊನೆಯ ಫ್ರೇಮ್.

ಆ ಫ್ರೇಮಿನಲ್ಲಿ ಮೂರು ಚೆಂಡುಗಳು ಉಳಿದಿದ್ದಾಗ ಸುಮಿತನ ಸರದಿ ಬಂತು. ಏಳನೆಯದನ್ನು ಹಾಕಲು ಎರಡು ದಾರಿಗಳಿದ್ದವು. ಪಕ್ಕದ ಪಾಕೆಟ್ಟಿಗೆ ಮೆಲ್ಲಗೆ ತಳ್ಳಿದ್ದರೆ ಮುಕ್ತಾಳಿಗೆ ಎಂಟನೆಯದು ಎದುರಿಗೇ ಸಿಗುತ್ತಿತ್ತು. ಸುಮಿತ ಸುತ್ತ ನೆರೆದ ಜನರನ್ನು ಒಮ್ಮೆ ನೋಡಿದ. ಆಮೇಲೆ ದೂರದ ಮೂಲೆಗೆ ಗುರಿಯಿಟ್ಟು ಬಾರಿಸಿದ. ಏಳನೆಯದು ಗುಂಡಿನಂತೆ ಹೋಗಿ ಬಿತ್ತು. ಹಾಲ್ ಎದ್ದು ನಿಂತಿತು. ಅವನು ಎದೆಯ ಮೇಲೆ ಕೈಯಿಟ್ಟು ಬಗ್ಗಿದ.

ಬಿಳಿ ಚೆಂಡು ಟೇಬಲ್ ಎಲ್ಲ ಸುತ್ತಿ ಬಂದು ಅಂಚಿಗೆ ಅಂಟಿ ನಿಂತಿತು. ಅದಕ್ಕೂ ಎಂಟನೆಯದಕ್ಕೂ ನಡುವೆ ಗೋಡೆಯ ಹಾಗೆ ಒಂಬತ್ತನೆಯ ಚೆಂಡು.

ಮುಕ್ತಾ ಸುಮಿತನ ಕಡೆ ನೋಡಿದಳು. ಅವನು ಇನ್ನೂ ಜನರ ಕಡೆಗೇ ತಿರುಗಿದ್ದ. ಅವಳು ಎದುರಿನ ಅಂಚಿಗೆ ಬಡಿಸಿ ಸುತ್ತಿಸಿ ಹೊಡೆದಳು. ಬಿಳಿ ಚೆಂಡು ಎಂಟನೆಯದನ್ನು ಸವರಿತು, ಅಷ್ಟೇ, ಅದೇ ದೊಡ್ಡದು. ಎಂಟನೆಯದು ಒಂದಿಷ್ಟು ಉರುಳಿ ಪಾಕೆಟ್ಟಿಗಿಂತ ಮೊದಲೇ ನಿಂತಿತು.

“ಕಡೀ ಬಾಲ್‌ಗೆ ಹಂಗ ಆಗತೈತಿ, ಮುಕ್ತಾ. ಪರವಾಗಿಲ್ಲ,” ಎಂದ ಸುಮಿತ.

ಕೃಷ್ಣಾಜಿ ಎದ್ದರು. ಎಂಟನೆಯದು ಅವರಿಗೂ ಸುಲಭವಿರಲಿಲ್ಲ. ಬಹಳ ಹೊತ್ತು ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿ ಹೊಡೆದರು. ಬಿತ್ತು. ಆದರೆ ಬಿಳಿ ಚೆಂಡು ಅವರಂದುಕೊಂಡಷ್ಟು ದೂರ ಹೋಗಲಿಲ್ಲ. ಒಂಬತ್ತನೆಯದು ಟೇಬಲ್ಲಿನ ಆ ತುದಿಯಲ್ಲಿ, ಬಿಳಿ ಚೆಂಡು ಈ ತುದಿಯಲ್ಲಿ. ಉದ್ದನೆಯ, ಸ್ವಲ್ಪ ಓರೆಯಾದ ಹೊಡೆತ. ತಪ್ಪಿದರೆ ಒಂಬತ್ತನೆಯದು ಸುಮಿತನ ಬಾಯಿಗೇ.

ಕೃಷ್ಣಾಜಿ ಅವಳ ಹತ್ತಿರ ಬಂದರು. “ಕಡಿಮಿ ಬಿತ್ತು ತಾಯಿ. ನನ್ನ ತಪ್ಪು.”

ಇಷ್ಟೇ ಹೇಳಿ ಹೋಗಿ ಕೂತರು.

ನಾಗರತ್ನಾ ಆ ಮುದುಕನ ಬೆನ್ನನ್ನೇ ನೋಡಿದಳು. ಐದು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ ಈ ಎರಡು ಮಾತು ಅವಳ ಕಿವಿಗೆ ಬಿದ್ದಿದ್ದರೆ! ಸಿಟ್ಟಿನಿಂದ ಕಣ್ಣು ಉರಿದವು. ಎಲ್ಲರೂ ಅವಳ ಕೈ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಅವರು ಬಂದಿರುವುದೇ ಅದಕ್ಕೆ. ಅವರಿಗೆ ಆ ಕಥೆ ಮೊದಲೇ ಗೊತ್ತಿತ್ತು. ನಡುಗುವುದನ್ನು ಕಣ್ಣಾರೆ ನೋಡಬೇಕಿತ್ತು.

ಬಗ್ಗಿದಳು. ಎಡಗೈಯನ್ನು ಹಸಿರು ಬಟ್ಟೆಯ ಮೇಲೆ ಊರಿದಳು. ಎದೆ ಹೊಡೆದುಕೊಳ್ಳುತ್ತಿತ್ತು, ಹೊಡೆದುಕೊಳ್ಳಲಿ ಎಂದು ಬಿಟ್ಟಳು. ಕೈ ಕಲ್ಲಿನಂತಿತ್ತು. ಹೊಡೆದಳು.

ಒಂಬತ್ತನೆಯ ಚೆಂಡು ಉದ್ದಕ್ಕೂ ಉರುಳಿ ಹೋಗಿ ಮೂಲೆಯಲ್ಲಿ ಇಳಿಯಿತು.

ಆಮೇಲೆ ಬಹಳ ಗದ್ದಲ. ಆಟ ನೋಡಲು ಖಾನಾಪುರದಿಂದ ಬಂದಿದ್ದ ಯಲ್ಲೇಶ ಕುರ್ಚಿಯ ಮೇಲೆ ಹತ್ತಿ ಕೂಗಿದ. ಕೃಷ್ಣಾಜಿ ಅವಳ ತಲೆಯ ಮೇಲೆ ಕೈಯಿಟ್ಟು ಮರಾಠಿಯಲ್ಲಿ ಏನೋ ಹೇಳಿದರು. ಸುಮಿತ ಬಂದು ಅವಳನ್ನು ಅಪ್ಪಿಕೊಂಡು, “ಶಾಬ್ಬಾಸ್ ರತ್ನಾ!” ಎಂದ. ಅವನಿಗೆ ನಿಜಕ್ಕೂ ಖುಷಿಯಾಗಿತ್ತು. ಆ ಕ್ಷಣದಲ್ಲಿ ಅವಳ ಸಿಟ್ಟು ಅರ್ಧ ಇಳಿಯಿತು. ಅಲ್ಲಿಗೇ ಬಿಟ್ಟಿದ್ದರೆ ಪೂರ್ತಿ ಇಳಿದುಹೋಗುತ್ತಿತ್ತೋ ಏನೋ.

ಕಪ್ ಕೊಟ್ಟಾದ ಮೇಲೆ ಸಂಘಟಕರು ಸುಮಿತನ ಕೈಗೆ ಮೈಕ್ ಕೊಟ್ಟರು. ಮಾತು ಬಲ್ಲವನು, ಎರಡು ಮಾತಾಡಲಿ ಎಂದು.

“ಇವತ್ತ ನಾ ಸೋತೀನಿ, ಆದರ ಖರೇ ಗೆದ್ದಾಂವ ನಾನ,” ಎಂದ ಸುಮಿತ. ಜನ ನಕ್ಕರು. “ಐದು ವರ್ಷ ನನ್ನ ಜೋಡಿ ಆಡಿ, ಟೆನ್ಶನ್ ಹೆಂಗ ತಡಕೋಬೇಕು ಅನ್ನೂದನ್ನ ನಮ್ಮಾಕಿ ಕಡೀಗೂ ಕಲತಾಳ. ನೋಡಿದಿರಲ್ಲ? ಇನ್ನ ಮುಕ್ತಾ. ಆಕಿ ಹೊಸಬಾಕಿ, ಕೈ ನಡಗೂದು ಸಹಜ. ಒಂದೆರಡ ವರ್ಷ ನನ್ನ ಕೈಯಾಗ ಬಿಡ್ರಿ, ಆಕೀನೂ ತಯಾರ ಮಾಡ್ತೀನಿ.”

ಎಲ್ಲರೂ ನಕ್ಕರು. ಮುಕ್ತಾಳೂ ನಕ್ಕಳು.

ಆ ನಗೆ! ನಾಗರತ್ನಾಳಿಗೆ ಆ ನಗೆ ಒಳಗಿನಿಂದ ಗೊತ್ತಿತ್ತು. ತುಟಿ ಎಷ್ಟು ಅಗಲವಾಗುತ್ತದೆ, ಕಣ್ಣು ಎಲ್ಲಿ ನೋಡುತ್ತದೆ, ಎಲ್ಲ. ಅವಳು ಕಪ್ಪನ್ನು ಕೃಷ್ಣಾಜಿಯ ಕೈಗೆ ಕೊಟ್ಟು ಟೇಬಲ್ಲಿನ ಹತ್ತಿರ ಹೋದಳು. ಎಂಟನೆಯ ಚೆಂಡನ್ನು ತೆಗೆದು, ಮುಕ್ತಾ ಹೊಡೆಯುವ ಮೊದಲು ಅದು ನಿಂತಿದ್ದಲ್ಲೇ ಇಟ್ಟಳು. ಒಂಬತ್ತನೆಯದನ್ನು ಅದರ ಮುಂದೆ ಇಟ್ಟಳು. ಬಿಳಿ ಚೆಂಡನ್ನು ಅಂಚಿಗೆ ಒತ್ತಿ ಇಟ್ಟಳು. ಹಾಲ್‌ನ ನಗೆ ನಿಧಾನಕ್ಕೆ ನಿಂತಿತು.

“ಬರ್ರಿ,” ಎಂದಳು ಸುಮಿತನಿಗೆ. “ಹೊಡೀರಿ.”

“ಏನಿದು ರತ್ನಾ?”

“ನೀವು ಏಳನೇದು ಹಾಕಿ ಮಂದಿಗೆ ಬಗ್ಗಿದ್ರಲ್ಲ, ಆವಾಗ ಮುಕ್ತಾಗ ಬಿಟ್ಟ ಹೊಡೆತ ಇದು. ಆಕಿ ಕೈ ನಡಗಿತು ಅಂದ್ರಲ್ಲ? ನಿಮ್ಮ ಕೈ ನಡಗೂದಿಲ್ಲ. ಎಂಟನೇದನ್ನ ಹಾಕ್ರಿ.”

ಸುಮಿತ ನಗಲು ನೋಡಿದ. ಯಾರೂ ಜೊತೆಗೆ ನಗಲಿಲ್ಲ. ಮೈಕ್ ಕೆಳಗಿಟ್ಟು ಸ್ಟಿಕ್ ತೆಗೆದುಕೊಂಡ. ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ. ಹೊಡೆದ. ಬಿಳಿ ಚೆಂಡು ಎಂಟನೆಯದನ್ನು ಮುಟ್ಟಲೇ ಇಲ್ಲ.

ನಾಗರತ್ನಾ ಚೆಂಡುಗಳನ್ನು ಮತ್ತೆ ಅಲ್ಲೇ ಇಟ್ಟಳು. “ಇನ್ನೊಮ್ಮೆ.”

“ಸಾಕಲ್ಲ ಇನ್ನ.”

“ಇನ್ನೊಮ್ಮೆ ಹೊಡೀರಿ. ಮುಕ್ತಾಗ ಒಂದ ಸಲ ಸಿಕ್ಕಿತ್ತು. ನಿಮಗ ಬೇಕಾದಷ್ಟು ಕೊಡ್ತೀನಿ.”

ಈ ಸಲ ಅವನು ಜೋರಾಗಿ ಹೊಡೆದ. ಬಿಳಿ ಚೆಂಡು ಟೇಬಲ್ ಬಿಟ್ಟು ಹಾರಿ ನೆಲಕ್ಕೆ ಬಿದ್ದು, ಟಕ್ ಟಕ್ ಎಂದು ಮುಂದಿನ ಸಾಲಿನ ಕುರ್ಚಿಗಳ ಕೆಳಗೆ ಹೋಯಿತು. ಯಾರೂ ಅದನ್ನು ಎತ್ತಿಕೊಡಲಿಲ್ಲ. ನಾಗರತ್ನಾ ತಾನೇ ಬಗ್ಗಿ ತೆಗೆದುಕೊಂಡು ಬಂದು ಮತ್ತೆ ಅದೇ ಜಾಗದಲ್ಲಿ ಇಟ್ಟಳು. ಸುಮಿತನ ಹಣೆಯ ಮೇಲೆ ಬೆವರಿತ್ತು. ಸ್ಟಿಕ್ ಹಿಡಿದ ಅವನ ಕೈಯನ್ನು ಎಲ್ಲರೂ ನೋಡುತ್ತಿದ್ದರು. ಅದು ನಡುಗುತ್ತಿತ್ತು.

ಅವನು ಸ್ಟಿಕ್ ಕೆಳಗಿಟ್ಟ. “ಇದು ಆಗೂವಂಥಾ ಹೊಡೆತ ಅಲ್ಲ,” ಎಂದ.

“ಹೌದು,” ಎಂದಳು ನಾಗರತ್ನಾ. ಮುಕ್ತಾಳ ಕಡೆ ತಿರುಗಿದಳು. “ಕೇಳಿಸ್ತೇನು? ಆಗೂವಂಥಾ ಹೊಡೆತ ಅಲ್ಲಂತ. ನೀ ಅದನ್ನ ಮುಟ್ಟಿಸಿದಿ. ನಿನ್ನ ಕೈಗೆ ಏನೂ ಆಗಿಲ್ಲ.”

ಮುಕ್ತಾಳ ಮುಖದ ಮೇಲಿನ ನಗೆ ಹೋಗಿತ್ತು. ಅದರ ಜಾಗದಲ್ಲಿ ಬಂದದ್ದು ಸಿಟ್ಟು. ನಾಗರತ್ನಾಳಿಗೆ ಅದನ್ನು ನೋಡಿ ಸಮಾಧಾನವಾಯಿತು.

ಇಬ್ಬರೂ ಕಾರಿನಲ್ಲಿ ಖಾನಾಪುರಕ್ಕೆ ಹೊರಟರು. ಸಂಜೆಯ ಬಿಸಿಲು ಎದುರಿನ ಗಾಜಿಗೆ ಹೊಡೆಯುತ್ತಿತ್ತು. ದೇಸೂರ ಹತ್ತಿರ ಬಂದಾಗ ಸುಮಿತ, “ಎಲ್ಲಾರ ಮುಂದ ಹಂಗ ಮಾಡಬಾರದಿತ್ತು ನೀನು,” ಎಂದ.

“ಐದು ವರ್ಷ ನೀವು ಹೇಳಿದ್ದೂ ಎಲ್ಲಾರ ಮುಂದನ.”

ಅವನು ಕಾರನ್ನು ರಸ್ತೆಯ ಬದಿಗೆ ತೆಗೆದುಕೊಂಡು ನಿಲ್ಲಿಸಿದ. “ರತ್ನಾ, ನಾ ಬೇಕಂತ ಮಾಡಿಲ್ಲ. ದೇವರಾಣಿಗೂ ಬೇಕಂತ ಮಾಡಿಲ್ಲ.”

“ಗೊತ್ತೈತಿ,” ಎಂದಳು. “ಬೇಕಂತ ಮಾಡಿದ್ದರ ನನಗ ಇಷ್ಟು ಸಿಟ್ಟು ಬರ್ತಿದ್ದಿಲ್ಲ. ನೀ ನೋಡೇ ಇಲ್ಲ. ಹೊಡದ ಮ್ಯಾಲೆ ನೀ ಒಂದ ಸಲಾನೂ ಟೇಬಲ್ ನೋಡಿಲ್ಲ. ಮಂದೀನ ನೋಡಿದಿ. ಬಿಳಿ ಬಾಲ್ ಎಲ್ಲಿ ನಿಂತೈತಿ, ಅಲ್ಲಿ ನಿನ್ನ ಹೇಂತಿ ಏನ್ ಮಾಡಾಕತ್ತಾಳ, ನೀ ಎಂದೂ ನೋಡಲಿಲ್ಲ. ನಾ ಬಿದ್ದಾಗ ಬಂದು ಎಬ್ಬಿಸಿದಿ. ಮಂದಿ ನಿನ್ನ ಎಷ್ಟ ಛಲೋ ಗಂಡ ಅಂದ್ರು.”

ಮದುವೆಯಾದಾಗಿನಿಂದ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಇದೇ ಮೊದಲು. ಇಬ್ಬರಿಗೂ ಅದು ತಿಳಿಯಿತು.

ಸುಮಿತ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಮುಂದೆ ನೋಡುತ್ತ ಕೂತ. ಕೊನೆಗೆ, “ಈಗ ನಾ ಏನ್ ಮಾಡಬೇಕು?” ಎಂದ.

“ನನಗ ಗೊತ್ತಿಲ್ಲ. ಮೊದಲ ಮುಕ್ತಾಗ ಫೋನ್ ಹಚ್ಚು.”

“ಏನಂತ ಹೇಳಲಿ?”

“ವಕೀಲ ಇದ್ದಿ. ಮಾತು ನನಗಿಂತ ಛಲೋ ಬರ್ತಾವು ನಿನಗ.”

ಅವನು ಫೋನ್ ತೆಗೆದ. ಆ ಕಡೆ ಗಂಟೆ ಬಾರಿಸುವ ಸದ್ದು ಅವಳಿಗೂ ಕೇಳಿಸಿತು. ಮುಕ್ತಾ ಎತ್ತಿದಳು. “ಮುಕ್ತಾ, ನಾ ಸುಮಿತ… ಆ ಎಂಟನೇ ಬಾಲ್…” ಎಂದು ಅವನು ತಡವರಿಸಿದ.

ನಾಗರತ್ನಾ ಬಾಗಿಲು ತೆರೆದು ಇಳಿದು ಹೊರಗೆ ಬಂದಳು. ಅವನು ಏನು ಹೇಳುತ್ತಾನೆಂದು ಕೇಳಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ಚೆನ್ನಾಗಿ ಹೇಳಿದರೆ ತನ್ನ ಮನಸ್ಸು ಕರಗೀತು. ಅದು ಇಷ್ಟು ಬೇಗ ಕರಗುವುದು ಅವಳಿಗೆ ಇಷ್ಟವಿರಲಿಲ್ಲ. ಒಂದು ಲಾರಿ ಧೂಳೆಬ್ಬಿಸುತ್ತ ಹೋಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಕಾರಿಗೆ ಬೆನ್ನು ಮಾಡಿ, ಎದುರಿನ ಗದ್ದೆಯನ್ನು ನೋಡುತ್ತ ನಿಂತಳು. ಒಳಗೆ ಸಿಟ್ಟು ಇನ್ನೂ ಬಿಸಿಯಾಗಿಯೇ ಇತ್ತು. ಇರಲಿ ಎಂದುಕೊಂಡಳು.